ಎಫ್ ಎಯ್ಟ್ ನುಂಗಿದ ಕೊಟ್ರೇಶಪ್ಪನವರು

ನಾನು ಬುದ್ಧಿವಂತ ಎಂಬುದು ನನಗೆ ಬಹಳ ವರ್ಷಗಳಿಂದ ಗೊತ್ತಿದ್ದ ಸಂಗತಿ. ಅದನ್ನು ಹೆಂಡತಿಯ ತವರಿಗೆ ತಿಳಿಸುವುದಷ್ಟೇ ಬಾಕಿ ಇತ್ತು.

ಕೂಡ್ಲಿಗಿಯಲ್ಲಿ ಮನೆ ಮಾಡಿಕೊಂಡು, ದಿನಾ ಬಸ್ಸಿನಲ್ಲಿ ಕಾನಹೊಸಹಳ್ಳಿಗೆ ಹೋಗಿ ಹೈಸ್ಕೂಲು ಹುಡುಗರಿಗೆ ಗಣಿತ ಹೇಳುವ ಮೇಷ್ಟ್ರು ನಾನು. ಹೆಂಡತಿ ಗಿರಿಜಾಳ ತವರು ಕೊಟ್ಟೂರು. ಅಲ್ಲಿ ನನ್ನ ಬಗ್ಗೆ ಎಲ್ಲರದೂ ಒಂದೇ ಅಭಿಪ್ರಾಯ: "ಮೇಷ್ಟ್ರು ಒಳ್ಳೇರು." ಒಳ್ಳೇರು ಅಂದರೆ ಯಾವ ಕೆಲಸಕ್ಕೂ ಬಾರದವರು ಅಂತ ಅರ್ಥ! ಮನೆಯಲ್ಲಿ ಏನೇ ಕಾರ್ಯವಾಗಲಿ, ಉಳಿದ ಅಳಿಯಂದಿರಲ್ಲಿ ಒಬ್ಬರು ಅಡಿಗೆಯವರನ್ನು ಗೊತ್ತು ಮಾಡುತ್ತಾರೆ, ಇನ್ನೊಬ್ಬರು ಹಂದರದವರನ್ನು ಕರೆತರುತ್ತಾರೆ. ನಾನು ಎದ್ದು ನಿಂತರೆ ಮಾವನವರು, "ನೀವು ಕುಂದರ್ರಿ ಮೇಷ್ಟ್ರ, ಚಾ ಕುಡೀರಿ" ಅನ್ನುತ್ತಾರೆ. ಹನ್ನೆರಡು ವರ್ಷ ನಾನು ಆ ಮನೆಯಲ್ಲಿ ಚಾ ಕುಡಿದಿದ್ದೇನೆ.

ಇಂಥ ಹೊತ್ತಿನಲ್ಲಿ ನನ್ನ ಕೈಗೆ ಒಂದು ವಿದ್ಯೆ ಸಿಕ್ಕಿತು. ಶಾಲೆಯ ಲ್ಯಾಪ್‌ಟಾಪಿನಲ್ಲಿ ಬರೆಯುವುದಕ್ಕೆ ಒಂದು ಎಡಿಟರ್ ಇದೆ. ಅದೇ ಲ್ಯಾಪ್‌ಟಾಪಿನಲ್ಲಿ ಆಜ್ಞೆ ಬರೆದು ಕೆಲಸ ಮಾಡಿಸುವ ಒಂದು ಕಪ್ಪು ಪರದೆಯೂ ಇದೆ. ಅದಕ್ಕೆ ಶೆಲ್ ಅನ್ನುತ್ತಾರೆ. ಆ ಕಪ್ಪು ಪರದೆಯ ಆಜ್ಞೆಗಳನ್ನು ಎಡಿಟರಿನ ಒಳಗೆ ಕೂತೇ ಹೊರಡಿಸಬಹುದು ಅಂತ ಒಂದು ವಿಡಿಯೋದಲ್ಲಿ ನೋಡಿದೆ. ನಮಗೆ ಬೇಕಾದ ಆಜ್ಞೆಗಳನ್ನು ಒಂದರ ಬಾಲಕ್ಕೆ ಒಂದು ಕಟ್ಟಿ, ಕೀಬೋರ್ಡಿನ ಒಂದು ಕೀಲಿಗೆ ಅಂಟಿಸಿಬಿಟ್ಟರೆ ಆಯಿತು. ಬರೆದದ್ದನ್ನು ಆರಿಸಿ ಕೀಲಿ ಒತ್ತಿದರೆ, ಬರೆದದ್ದು ಶೆಲ್ಲಿಗೆ ಹೋಗಿ, ಅಲ್ಲಿ ಮಿಂದು ಮಡಿಯಾಗಿ, ಮತ್ತೆ ಅದೇ ಜಾಗಕ್ಕೆ ಬಂದು ಕೂರುತ್ತದೆ!

ನಾನು ಕಟ್ಟಿದ ಆಜ್ಞೆಗೆ 'ಶುದ್ಧಿ' ಎಂದು ನಾಮಕರಣ ಮಾಡಿ, ಎಫ್ ಎಯ್ಟ್ ಕೀಲಿಗೆ ಹಚ್ಚಿದೆ. ಅದು ಮಾಡುವ ಕೆಲಸ ನಾಲ್ಕು. ಸಾಲುಗಳನ್ನು ಅಕಾರಾದಿಯಲ್ಲಿ ಜೋಡಿಸುವುದು, ಒಂದೇ ಥರದ ಸಾಲು ಎರಡು ಮೂರು ಇದ್ದರೆ ಒಂದನ್ನು ಉಳಿಸಿ ಉಳಿದದ್ದನ್ನು ಅಳಿಸುವುದು, ಫೈಲನ್ನು ಉಳಿಸಿಕೊಳ್ಳುವುದು, ಆಮೇಲೆ ಕೂಡ್ಲಿಗಿಯ ಪ್ರೆಸ್ಸಿಗೆ ತಾನೇ ಮೇಲ್ ಮಾಡುವುದು. ನಮ್ಮ ಶಾಲೆಯ ಎಲ್ಲ ಕಾಗದ ಅಚ್ಚಾಗುವುದು ಅಲ್ಲೇ. ಶಾಲೆಯ ಲೈಬ್ರರಿ ಪುಸ್ತಕಗಳ ಪಟ್ಟಿಯ ಮೇಲೆ ಮೊದಲ ಪ್ರಯೋಗ ಮಾಡಿದೆ. ಮೂರು ಮಂದಿ ಮೂರು ಸಲ ಬರೆದ ಗೊಂದಲದ ಪಟ್ಟಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ನೆಟ್ಟಗಾಯಿತು. ಹೆಡ್‌ಮಾಸ್ತರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, "ಎಲಾ ಇವ್ನ! ಮಾಟ ಗೀಟ ಕಲಿತೀರೇನ್ರಿ ಮೇಷ್ಟ್ರ?" ಅಂದರು. ನಾನು ಅವತ್ತು ಬಸ್ಸಿನಲ್ಲಿ ಸೀಟು ಸಿಗದಿದ್ದರೂ ನಗುತ್ತಲೇ ಮನೆಗೆ ಬಂದೆ.

ಅದೇ ವಾರ ಗಿರಿಜಾಳ ತಮ್ಮ ಶಿವರಾಜನ ಮದುವೆ ಗೊತ್ತಾಯಿತು. ನಾನು ಕೊಟ್ಟೂರಿಗೆ ಹೋಗಿ, ಮಾವನವರು ಚಾ ಅನ್ನುವ ಮೊದಲೇ ಘೋಷಿಸಿದೆ: "ಲಗ್ನಪತ್ರಿಕೆ ಜವಾಬ್ದಾರಿ ನಂದು!"

ಮಾವನವರು ಗಿರಿಜಾಳ ಮುಖ ನೋಡಿದರು. ಗಿರಿಜಾ ನೆಲ ನೋಡಿದಳು.

"ಬರೇ ಕಾರ್ಡಲ್ಲ ಮೇಷ್ಟ್ರ" ಅಂದರು ಮಾವನವರು. "ಕೊನಿಗೆ ಬಂಧು ಬಳಗದ ಹೆಸರು ಬರ್ತಾವಲ್ಲ, ಅದು ಕತ್ತಿ ಮ್ಯಾಲಿನ ನಡಿಗಿ. ಒಂದು ಹೆಸರು ಬಿಟ್ರ ಒಂದು ಮನಿ ಬಿಟ್ಟಂಗ."

"ನೀವು ಹೆಸರು ಕಳಸ್ರಿ ಸಾಕು. ಬಾಕಿ ಕಂಪ್ಯೂಟರ್ ನೋಡ್ಕೊಂತೈತಿ" ಅಂದೆ. ಹೋಗೋ ಮಾರಿಯನ್ನು ಮನೆಗೆ ಕರೆಯುವುದು ಅಂದರೆ ಇದೇ.

ಕಾರ್ಡಿನ ಉಳಿದ ಒಕ್ಕಣೆಯನ್ನು ಪ್ರೆಸ್ಸಿಗೆ ಕೊಟ್ಟು ಬಂದೆ. ಹೆಸರುಗಳು ಬಂದವು. ಮಾವನವರು ಒಂದು ಪಟ್ಟಿ, ಅತ್ತೆಯವರು ಒಂದು, ಮಾವನವರ ತಮ್ಮ ಕಾಕಾ ಒಂದು, ಗಿರಿಜಾಳ ಅಕ್ಕ ಒಂದು, ಹೀಗೆ ನಾಲ್ಕು ಪಟ್ಟಿ ಫೋನಿಗೆ ಬಂದು ಬಿದ್ದವು. ಒಂದರಲ್ಲಿದ್ದವರೇ ಇನ್ನೊಂದರಲ್ಲೂ ಇದ್ದರು. ಬೇರೆ ಯಾರಾದರೂ ಆಗಿದ್ದರೆ ಪೆನ್ನು ಹಿಡಿದು, ಮಾವನವರನ್ನು ಎದುರಿಗೆ ಕೂಡಿಸಿಕೊಂಡು, ಇದು ಯಾರು ಅದು ಯಾರು ಎಂದು ಕೇಳಿ ಕೇಳಿ ಬರೆಯುತ್ತಿದ್ದರು. ನಾನು ವಿದ್ಯಾವಂತ. ನಾಲ್ಕನ್ನೂ ತಂದು ಎಡಿಟರಿಗೆ ಸುರಿದೆ.

ಗಿರಿಜಾ ಹಿಂದೆ ನಿಂತಿದ್ದಳು. "ಒಂದ್ಸಲ ಓದಿ ನೋಡ್ರಿ."

"ನೋಡು, ಇದಕ್ಕ ಬೇಕಾಗಿದ್ದು ಕಣ್ಣಲ್ಲ, ಬೆರಳು" ಎಂದು ಎಲ್ಲ ಸಾಲು ಆರಿಸಿ ಎಫ್ ಎಯ್ಟ್ ಒತ್ತಿದೆ. ಪರದೆ ಒಮ್ಮೆ ಕಣ್ಣು ಹೊಡೆಯಿತು. ನೂರಕ್ಕೂ ಮಿಕ್ಕಿದ ಸಾಲು ನಲವತ್ತರ ಹತ್ತಿರ ಬಂದು ನಿಂತಿತು!

ಓದಲೇ ಇಲ್ಲ ಅಂತ ಸುಳ್ಳು ಹೇಳುವುದಿಲ್ಲ. ಒಂದು ಹೆಸರು ಹುಡುಕಿದೆ. ಲಗ್ನಪತ್ರಿಕೆ ಕೈಗೆ ಬಂದರೆ ಎಲ್ಲರೂ ಮೊದಲು ಹುಡುಕುವ ಹೆಸರು ಯಾವುದು? ತಮ್ಮದು. ನಾನೂ ನನ್ನದನ್ನೇ ಹುಡುಕಿದೆ. 'ಶ್ರೀ ಕೊಟ್ರೇಶಪ್ಪ.' ಇತ್ತು! ಗಿರಿಜಾ ಗಂಡನ ಹೆಸರು ಬಾಯಲ್ಲಿ ಆಡುವವಳಲ್ಲ, ಮಾವನವರಿಗೆ ನಾನು ಮೇಷ್ಟ್ರು. ಆ ಮನೆಯ ಕಾಗದದಲ್ಲಿ ನನ್ನ ಪೂರ್ತಿ ಹೆಸರು ಕಂಡಾಗ ಎದೆ ಉಬ್ಬಿತು. ಪಟ್ಟಿ ಸರಿಯಾಗಿದೆ ಎಂದು ಅಲ್ಲಿಗೇ ತೀರ್ಮಾನಿಸಿದೆ.

ಅರ್ಧ ತಾಸಿಗೆ ಪ್ರೆಸ್ಸಿನ ಖಾಜಾ ಸಾಬರ ಫೋನು ಬಂತು. "ಸರ, ಸಣ್ಣ ಹುಡುಗ್ರ ಹೆಸರು ಎಲ್ಲಾರಕ್ಕಿಂತ ಮ್ಯಾಲೆ ಅದಾವಲ್ರಿ?"

"ಸಾಹೇಬ್ರ, ಅದು ಕಂಪ್ಯೂಟರ್ ಮಾಡಿದ್ದು. ತಪ್ಪಿರಂಗಿಲ್ಲ."

"ಸುಮ್ನ ಕೇಳಿದೆ ಸರ. ಮುವ್ವತ್ತು ವರ್ಷದಿಂದ ಕಾರ್ಡು ಹೊಡೀತೀನಿ, ಹಿಂಗ ಕಂಡಿಲ್ಲ."

"ಹೊಸಾದು ಹಂಗ ಇರ್ತೈತಿ. ಒಂದು ಅಕ್ಷರಾನೂ ಮುಟ್ಟಬ್ಯಾಡ್ರಿ!"

ಅವರು ಮುಟ್ಟಲಿಲ್ಲ. ಆರುನೂರು ಕಾರ್ಡು ಹೊಡೆದು ನೇರವಾಗಿ ಕೊಟ್ಟೂರಿಗೆ ಕಳಿಸಿದರು. ಮಾವನವರೂ, ಅಳಿಯ ಒಂದು ಕೆಲಸ ಮಾಡಿದ್ದಾರೆ ಎಂಬ ಖುಷಿಯಲ್ಲಿ ಬಿಚ್ಚಿ ನೋಡದೆ, ದೇವರ ಮುಂದೆ ಒಂದು ಇಟ್ಟು, ದೂರದ ಊರಿನವರಿಗೆ ಮೊದಲು ಹಂಚಿಸಿಬಿಟ್ಟರು.

ಈಗ ಆ ಕಾರ್ಡಿನ ಸ್ವರೂಪವನ್ನು ಓದುಗರ ಅವಗಾಹನೆಗೆ ತರಬೇಕು. ಮಕ್ಕಳ ಹೆಸರಿನ ಮುಂದೆ 'ಚಿ.' ಎಂದಿರುತ್ತದೆ, ದೊಡ್ಡವರ ಹೆಸರಿನ ಮುಂದೆ 'ಶ್ರೀ'. ಅಕಾರಾದಿಯಲ್ಲಿ ಚ ಮೊದಲು, ಶ ಆಮೇಲೆ. ಹೀಗಾಗಿ ಮದುವೆಗೆ ಎಲ್ಲರಿಗಿಂತ ಮೊದಲು ಸ್ವಾಗತ ಕೋರಿದವನು ಇನ್ನೂ ಚಡ್ಡಿ ಹಾಕಿಕೊಳ್ಳಲು ಬಾರದ ಮೂರು ವರ್ಷದ ಚಿ. ಅದ್ವಿಕ್! ಅವನ ಬೆನ್ನಿಗೆ ಉಳಿದ ಮಕ್ಕಳು. ಅವರ ಕೆಳಗೆ 'ದಿ. ಗುರುಬಸಪ್ಪನವರ'. ಕಾಕಾ ಕಳಿಸಿದ ಪಟ್ಟಿಯಲ್ಲಿ 'ದಿ. ಗುರುಬಸಪ್ಪನವರ' ಒಂದು ಸಾಲು, 'ಮಕ್ಕಳು' ಅದರ ಕೆಳಗಿನ ಸಾಲು. ಶುದ್ಧಿ ಅಪ್ಪನನ್ನು ದ ಅಕ್ಷರಕ್ಕೆ ಕಳಿಸಿ, 'ಮಕ್ಕಳು' ಅನ್ನುವುದನ್ನು ಮ ಅಕ್ಷರಕ್ಕೆ ಕಳಿಸಿತ್ತು. ಆಮೇಲೆ ಬದುಕಿರುವ ಹಿರಿಯರು. ಅವರಲ್ಲೂ ತೊಂಬತ್ತು ದಾಟಿದ ಮಾವನವರ ಅಪ್ಪ, ಹಾಲಪ್ಪಜ್ಜ, ಹ ಅಕ್ಷರದ ಕರ್ಮಕ್ಕೆ ಗಂಡಸರ ಸಾಲಿನಲ್ಲಿ ಕಟ್ಟಕಡೆಗೆ!

ಮೊದಲ ಫೋನು ಗುರುಬಸಪ್ಪನವರ ದೊಡ್ಡ ಮಗನದು. "ಅಪ್ಪ ತೀರಿಕೊಂಡು ಆರು ವರ್ಷ ಆತ್ರಿ ಮೇಷ್ಟ್ರ. ಈಗ ಅವ್ನು ನಿಮ್ಮ ಮದುವಿಗಿ ಮಂದೀನ ಕರಿಯಾಕ ನಿಂತಾನಂದ್ರ, ನಾವು ಎಲ್ಲಿಗೆ ಬರಬೇಕ್ರಿ, ಕೊಟ್ಟೂರಿಗೋ, ಅಲ್ಲಿಗೋ?"

ಎರಡನೆಯದು ಗಿರಿಜಾಳ ಅಕ್ಕನದು. ಹಾಲಪ್ಪಜ್ಜ ಮೊಮ್ಮಕ್ಕಳಿಂದ ಕಾರ್ಡು ಓದಿಸಿಕೊಂಡು ಹೇಳಿದರಂತೆ: "ನಾನಿನ್ನೂ ಸತ್ತಿಲ್ಲಲ್ಲ, ಅದಕ್ಕ ಕೆಳಗ ಹಾಕ್ಯಾರ. ಸತ್ತಿದ್ರ ಗುರುಬಸಣ್ಣನ ಜೋಡಿ ಮ್ಯಾಲೆ ಇರ್ತಿದ್ದೆ."

ನಾನು ಓಡಿ ಹೋಗಿ ಲ್ಯಾಪ್‌ಟಾಪ್ ತೆರೆದು, ಮಾಡಿದ್ದನ್ನು ಹಿಂದಕ್ಕೆ ಪಡೆಯುವ ಕೀಲಿ ಒತ್ತಿದೆ. ಆಹಾ! ಪರದೆಯ ಮೇಲೆ ಎಲ್ಲ ಸಾಲುಗಳೂ ಎದ್ದು ಮೊದಲಿನಂತೆ ಬಂದು ನಿಂತವು. ಕಾರ್ಡಿನ ಮೇಲೆ ಒಂದೂ ಅಲುಗಲಿಲ್ಲ. ಎಡಿಟರಿನ ಒಳಗೆ ಮಾಡಿದ ಪಾಪಕ್ಕೆ ಪರಿಹಾರವಿದೆ, ಶೆಲ್ಲಿಗೆ ಹೇಳಿ ಹೊರಗೆ ಮಾಡಿಸಿದ ಪಾಪಕ್ಕಿಲ್ಲ ಎಂಬುದು ನನಗೆ ಅವತ್ತು ತಿಳಿಯಿತು.

ಹೆಸರು ಮೇಲೆ ಕೆಳಗೆ ಆದದ್ದನ್ನು ಹೇಗೋ ನುಂಗಿಕೊಳ್ಳಬಹುದಿತ್ತು. ನಿಜವಾದ ಗಂಡಾಂತರ ಬೇರೆ ಇತ್ತು.

ನಮ್ಮ ಕಡೆ ಗಂಡು ಹುಟ್ಟಿದರೆ ಹೆಸರು ಹುಡುಕುವ ತೊಂದರೆಯಿಲ್ಲ. ಕೊಟ್ಟೂರು ಸ್ವಾಮಿಯ ಹೆಸರು ತಯಾರಿರುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ನಿಂತು "ಲೇ ಕೊಟ್ರೇಶಾ" ಅಂದರೆ ಅರ್ಧ ಬಸ್ಸು ಹೊರಳಿ ನೋಡುತ್ತದೆ, ಕಂಡಕ್ಟರ್ ಸಮೇತ. ಮಾವನವರ ಬಳಗದಲ್ಲೇ ಕಾರ್ಡಿನಲ್ಲಿ ಇರಲೇಬೇಕಾದ ಕೊಟ್ರೇಶಪ್ಪನವರು ನನ್ನನ್ನು ಬಿಟ್ಟೇ ನಾಲ್ಕು ಮಂದಿ: ಹಗರಿಬೊಮ್ಮನಹಳ್ಳಿಯವರು, ಹಡಗಲಿಯವರು, ಹರಪನಹಳ್ಳಿಯವರು, ಗುಡೇಕೋಟೆಯವರು. ಪಟ್ಟಿ ಬರೆದವರಿಗೆ ಯಾರು ಯಾರೆಂದು ಗೊತ್ತು, ಹಾಗಾಗಿ ಬರೀ 'ಶ್ರೀ ಕೊಟ್ರೇಶಪ್ಪ' ಎಂದು ನಾಲ್ಕು ಸಲ ಬರೆದಿದ್ದರು. ಶೆಲ್ಲಿಗೆ ಏನು ಗೊತ್ತು? ಒಂದೇ ಥರದ ಸಾಲು ಕಂಡಿತು, ಒಂದನ್ನು ಉಳಿಸಿತು, ಉಳಿದವರನ್ನು ಗುಳುಂ ಮಾಡಿತು!

ವಿಚಿತ್ರ ನೋಡಿ, ಮೊದಲ ಮೂರು ದಿನ ಯಾರಿಗೂ ಸಿಟ್ಟು ಬರಲಿಲ್ಲ. ನಾಲ್ಕೂ ಮಂದಿ ಕಾರ್ಡು ಬಿಚ್ಚಿದರು, ತಮ್ಮ ಹೆಸರು ಹುಡುಕಿದರು, ಸಿಕ್ಕಿತು, ಸಂತೋಷಪಟ್ಟರು. ನನ್ನ ಹಾಗೆಯೇ! ನಾಲ್ಕನೆಯ ದಿನ ಹಡಗಲಿಯವರು ಗುಡೇಕೋಟೆಯವರಿಗೆ ಫೋನು ಮಾಡಿ, "ಪಾಪ, ನಿನ್ನ ಹೆಸರು ಬಿಟ್ಟಾರಲ್ಲೋ ತಮ್ಮಾ" ಎಂದು ಸಮಾಧಾನ ಹೇಳಿದರು. "ನಂದು ಐತಲ್ಲ, ಬಿಟ್ಟಿದ್ದು ನಿಂದು" ಅಂದರು ಅವರು. ಸಂಜೆಯೊಳಗೆ ನಾಲ್ಕೂ ಊರಿನಿಂದ ಮಾವನವರಿಗೆ ಒಂದೇ ಪ್ರಶ್ನೆ ಬಂತು: ಈ ಕೊಟ್ರೇಶಪ್ಪ ಯಾರು?

ಯಾವ ಊರಿನವರೆಂದು ಹೇಳಿದರೂ ಉಳಿದ ಮೂವರು ಬರುವುದಿಲ್ಲ. ಅದರಲ್ಲೂ ಹಗರಿಬೊಮ್ಮನಹಳ್ಳಿಯವರು ಶಿವರಾಜನ ಸೋದರಮಾವ. ಸೋದರಮಾವ ಬೆನ್ನಿಗೆ ನಿಲ್ಲದಿದ್ದರೆ ನಮ್ಮಲ್ಲಿ ಮದುಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಬೀಳುವುದಿಲ್ಲ. ಮದುವೆಯೇ ನಿಂತ ಹಾಗೆ.

ಗಿರಿಜಾ ಅಳಲಿಲ್ಲ, ಬೈಯಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. "ನನ್ನ ತಮ್ಮನ ಮದುವಿ ರೀ" ಅಂದಳು ಅಷ್ಟೆ. "ಅವ್ನು ಸಣ್ಣಾವಿದ್ದಾಗ ನನ್ನ ಸೀರಿ ಸೆರಗು ಬಿಡತಿದ್ದಿಲ್ಲ. ಅವನ ಮುಖ ನಾ ಹೆಂಗ ನೋಡ್ಲಿ?"

ಖಾಜಾ ಸಾಬರ ಹತ್ತಿರ ಓಡಿದೆ. ಅವರು ಕಾರ್ಡು ಹಿಂದೆ ಮುಂದೆ ತಿರುಗಿಸಿ, "ಹೊಸಾದು ಹೊಡಿಯಾಕ ಟೈಮಿಲ್ಲ ಸರ. ಹೆಸರಿನ ಮುಂದ 'ನಾಕು ಮಂದಿ' ಅಂತ ಒಂದು ಸಿಕ್ಕಾ ಒತ್ತೋಣೇನ್ರಿ?" ಅಂದರು. ಅವರು ತಮಾಷೆ ಮಾಡುತ್ತಿದ್ದರೋ ನಿಜ ಹೇಳುತ್ತಿದ್ದರೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಆಗ ನನ್ನ ಬುದ್ಧಿವಂತಿಕೆ ಎರಡನೆಯ ಸಲ ಜಾಗೃತವಾಯಿತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಹಿರಿಯರೇ ಹೇಳಿದ್ದಾರೆ. ನನಗೆ ಬೇಕಾದದ್ದು ನಾಲ್ಕೇ! ನಾಲ್ಕೂ ಮನೆಗೆ ಹೋಗಿ, ಕಾರ್ಡಿನಲ್ಲಿರುವುದು ನಿಮ್ಮದೇ ಹೆಸರು ಎಂದು ಗುಟ್ಟಾಗಿ ಹೇಳಿ ಬಂದರೆ ಮುಗಿಯಿತು.

ಮೊದಲು ಹರಪನಹಳ್ಳಿ. ಅವರು ರಿಟೈರ್ಡ್ ಕಂಡಕ್ಟರ್. ಪೂರ್ತಿ ಕೇಳಿ, "ಅದೆಲ್ಲ ಸರಿ ಐತೆ ಮೇಷ್ಟ್ರೆ, ಆದ್ರೆ ಟಿಕೀಟಿಲ್ದ ಮಾತು ನಾನು ನಂಬೋದಿಲ್ಲ. ಬರದು ಕೊಡ್ರಿ" ಅಂದರು. ಲ್ಯಾಪ್‌ಟಾಪ್ ಚೀಲದಲ್ಲೇ ಇತ್ತು. ಕೂತು ಬರೆದೆ: "ಸದರಿ ಆಮಂತ್ರಣ ಪತ್ರಿಕೆಯಲ್ಲಿ ಮುದ್ರಿತವಾಗಿರುವ ಶ್ರೀ ಕೊಟ್ರೇಶಪ್ಪ ಎಂಬುವರು ತಾವೇ ಆಗಿದ್ದು, ಬೇರೆ ಯಾರೂ ಅಲ್ಲವೆಂದು ಈ ಮೂಲಕ ದೃಢೀಕರಿಸಲಾಗಿದೆ." ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ತೆಗೆಸುವಾಗ, ಹೇಗೂ ತೆಗೆಸುತ್ತಿದ್ದೇನಲ್ಲ ಎಂದು ನಾಲ್ಕು ಪ್ರತಿ ತೆಗೆಸಿ ನಾಲ್ಕಕ್ಕೂ ರುಜು ಹಾಕಿದೆ. ಕೆಲಸದಲ್ಲಿ ಅಚ್ಚುಕಟ್ಟು ನನ್ನ ಹುಟ್ಟುಗುಣ.

ಹಡಗಲಿಯವರು ಖುಷಿಯಾಗಿ ಗಿರಿಜಾಳಿಗೆಂದು ತಮ್ಮ ತೋಟದ ಮಲ್ಲಿಗೆ ಕಟ್ಟಿಕೊಟ್ಟರು. ಗುಡೇಕೋಟೆಯವರು ಮಜ್ಜಿಗೆ ಕುಡಿಸಿ, "ನಾನು ಮೊದ್ಲ ಅಂದಿದ್ದೆ, ನಮ್ಮ ಮೇಷ್ಟ್ರು ನಮ್ಮನ್ನ ಬಿಡಂಗಿಲ್ಲ ಅಂತ" ಎಂದು ಬೆನ್ನು ತಟ್ಟಿದರು. ಬೊಮ್ಮನಹಳ್ಳಿಯ ಸೋದರಮಾವ ಮಾತ್ರ ಕಾಗದವನ್ನು ಎರಡು ಸಲ ಓದಿ, ಮಡಚಿ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡು, "ಹಂದರ ಹಾಕೋ ದಿನ ಬರ್ತೀನಿ" ಅಂದರು. ನಾನು ಗೆದ್ದ ಪೈಲ್ವಾನನ ಹಾಗೆ ಮನೆಗೆ ಬಂದೆ.

ಹಂದರ ಹಾಕುವ ದಿನ ನಾಲ್ಕೂ ಮಂದಿ ಬಂದರು. ಒಂದೇ ಜಮಖಾನೆಯ ಮೇಲೆ ಕೂತರು. ನಾಲ್ಕೂ ಮಂದಿ ಒಬ್ಬರನ್ನೊಬ್ಬರು ಬಹಳ ಕನಿಕರದಿಂದ ನೋಡುತ್ತಿದ್ದರು. ಆ ಕನಿಕರ ಕಂಡೇ ನಾನು ಹಂದರದ ಗಳದ ಹಿಂದಕ್ಕೆ ಸರಿದೆ. ಇದೆಲ್ಲ ಒಂದೇ ದಿನ ಒಂದೇ ಕಡೆ ಸೇರುತ್ತದೆ ಎಂಬ ಲೆಕ್ಕ ಗಣಿತದ ಮೇಷ್ಟ್ರಿಗೆ ಹೊಳೆದಿರಲಿಲ್ಲ!

ಹರಪನಹಳ್ಳಿಯವರು ತಡೆಯಲಾರದೆ ಬಾಯಿಬಿಟ್ಟರು. "ಬೇಜಾರು ಮಾಡ್ಕೋಬ್ಯಾಡ್ರಪ. ಹೆಸರೇನು, ಇವತ್ತು ಬರ್ತೈತೆ ನಾಳೆ ಹೋಗ್ತೈತೆ. ನನಗೇನೋ ಮೇಷ್ಟ್ರು ಬರೆದೇ ಕೊಟ್ಟಿದಾರೆ" ಎಂದು ಕಾಗದ ತೆಗೆದರು.

ಹಡಗಲಿಯವರು ಒಂದು ತೆಗೆದರು. ಗುಡೇಕೋಟೆಯವರು ಒಂದು ತೆಗೆದರು. ಸೋದರಮಾವ ಒಳಜೇಬಿಗೆ ಕೈ ಹಾಕಿ, ಮಡಿಕೆ ಬಿಚ್ಚಿ, ನಾಲ್ಕನೆಯದನ್ನು ಜಮಖಾನೆಯ ಮೇಲೆ ಹಾಸಿದರು. ಹಂದರದ ಗಳ ಕಟ್ಟುತ್ತಿದ್ದವರೂ ಕೆಲಸ ನಿಲ್ಲಿಸಿ ನೋಡಿದರು.

"ರುಜು ಯಾರ್ದು?" ಅಂದರು ಮಾವನವರು.

ಓಡುವುದಕ್ಕೆ ದಾರಿ ಇರಲಿಲ್ಲ. ಗಿರಿಜಾ ಬಾಗಿಲಲ್ಲೇ ನಿಂತಿದ್ದಳು. ನಾನು ಎಲ್ಲವನ್ನೂ ಒಪ್ಪಿಕೊಂಡೆ. ಎಡಿಟರ್, ಶೆಲ್, ಎಫ್ ಎಯ್ಟ್, ಶುದ್ಧಿ. ಒಂದೇ ಥರದ ಸಾಲುಗಳನ್ನು ಕಂಪ್ಯೂಟರ್ ಒಂದೇ ಅಂತ ತಿಳಿಯುತ್ತದೆ ಎಂದು ಕೈ ಮುಗಿದು ವಿವರಿಸಿದೆ.

ಸೋದರಮಾವ ಎಲ್ಲ ಕೇಳಿದರು. "ಅಂದ್ರ ನಿಮ್ಮ ಕಂಪ್ಯೂಟರಿಗೆ ನಾವು ನಾಕೂ ಮಂದಿ ಒಬ್ಬನ?"

"ಹೌದ್ರಿ ಮಾವ."

"ಹಂಗಾದ್ರ ಊಟಕ್ಕೂ ಒಂದ ಎಲಿ ಹಾಕ್ತೀರೇನು?"

ಮೂಲೆಯ ಮಂಚದ ಮೇಲಿಂದ ಹಾಲಪ್ಪಜ್ಜ ಹಲ್ಲಿಲ್ಲದ ಬಾಯಿ ತೆರೆದು ನಗತೊಡಗಿದರು. ಗುಡೇಕೋಟೆಯವರು ನಕ್ಕರು. ಹಡಗಲಿಯವರು ನಗು ತಡೆಯಲು ಹೋಗಿ ಕೆಮ್ಮಿದರು. ಸೋದರಮಾವ ಮಾತ್ರ ನಗಲಿಲ್ಲ. "ನನಗ ಯಂತ್ರದ ಹೆಸರು ಬ್ಯಾಡ. ಕೈಲೆ ಬರೀಲಿ. ಉಳಿದ ಕಾರ್ಡಿಗೂ, ಹಂಚಿದ ಕಾರ್ಡಿಗೂ. ಬರದ್ರ ಅಕ್ಕಿಕಾಳಿಗೆ ನಾ ನಿಂದರ್ತೀನಿ."

"ನಂದೂ ಕೈಲೆ ಬರೀಬೇಕು" ಅಂದರು ಹಡಗಲಿಯವರು ತಕ್ಷಣ. ಸೋದರಮಾವನಿಗೆ ಕೈಬರಹ, ತಮಗೆ ಅಚ್ಚು ಅಂದರೆ ಮರ್ಯಾದೆ ಏನಾಯಿತು? ಉಳಿದ ಇಬ್ಬರಿಗೂ ಅದೇ ಬೇಕಾಯಿತು.

ಅವತ್ತಿನಿಂದ ಮದುವೆಯ ಮುನ್ನಾದಿನದವರೆಗೆ ನಾನು ಬರೆದೆ. ಒಂದು ಕೀಲಿ ಒತ್ತಿ ಬರೆಯುವ ಕಷ್ಟ ತಪ್ಪಿಸಿಕೊಂಡ ಮಹಾನುಭಾವ, ಆರುನೂರು ಕಾರ್ಡಿನ ಅಡಿಗೆ ಊರಿನ ಸಮೇತ ನಾಲ್ಕು ಕೊಟ್ರೇಶಪ್ಪನವರನ್ನು ಬಾಲ್‌ಪೆನ್ನಿನಲ್ಲಿ ಬರೆದೆ. ಹಂಚಿದ ಕಾರ್ಡುಗಳಿಗಾಗಿ ಬಸ್ಸು ಹತ್ತಿ ಮನೆ ಮನೆಗೆ ಹೋಗಿ, "ಸ್ವಲ್ಪ ಕಾರ್ಡು ಕೊಡ್ರಿ, ಹೆಸರು ಬರೀಬೇಕು" ಎಂದು ಕಟ್ಟೆಯ ಮೇಲೆ ಕೂತು ಬರೆದೆ. ಬೆರಳು ಊದಿ ಬದನೆಕಾಯಿಯಾಯಿತು. ಗಿರಿಜಾ ಎಣ್ಣೆ ಹಚ್ಚುತ್ತ, "ಇದಕ್ಕ ಬೇಕಾಗಿದ್ದು ಬೆರಳ ಬಿಡ್ರಿ" ಅಂದಳು.

ಒಂದೇ ಸಮಾಧಾನವಿತ್ತು. ನಾಲ್ವರೂ ಕೈಬರಹಕ್ಕೆ ಹೋದ ಮೇಲೆ ಅಚ್ಚಾದ ಕೊಟ್ರೇಶಪ್ಪ ಅನಾಥನಾದನಲ್ಲ? ಅವನು ಬೇರೆ ಯಾರು, ನಾನೇ! ಮಾವನವರ ಹತ್ತಿರ ಹೋಗಿ, "ಹೆಂಗೋ ಅಚ್ಚಿನೊಳಗ ನನ್ನ ಹೆಸರೊಂದು ಉಳೀತು ನೋಡ್ರಿ" ಎಂದು ಸಂಕೋಚದಿಂದ ನಕ್ಕೆ. ಅವರು ಹಣೆ ಗಂಟು ಹಾಕಿದರು. ಅತ್ತೆಯವರನ್ನು ಕರೆದರು, ಕಾಕಾನನ್ನು ಕರೆದರು, ಗಿರಿಜಾಳ ಅಕ್ಕನನ್ನು ಕರೆದರು. ನಾಲ್ಕೂ ಪಟ್ಟಿ ತೆಗೆಸಿದರು.

"ನಿಮ್ಮ ಹೆಸರು ನಾ ಬರದಿದ್ದಿಲ್ಲ ಮೇಷ್ಟ್ರ. ಇವರು ಬರದಿರ್ತಾರ ಅಂತ ತಿಳಕೊಂಡೆ" ಅಂದರು. ಅತ್ತೆಯವರು ಕಾಕಾ ಬರೆದಿರುತ್ತಾರೆ ಅಂದುಕೊಂಡಿದ್ದರಂತೆ. ಕಾಕಾ ಅಕ್ಕ ಬರೆದಿರುತ್ತಾಳೆ ಅಂದುಕೊಂಡಿದ್ದರಂತೆ. ಅಕ್ಕ ಚಾ ಇಡುವುದಕ್ಕೆ ಒಳಗೆ ಹೋದಳು.

ಹೋಗಲಿ, ಪೆನ್ನು ನನ್ನ ಕೈಯಲ್ಲೇ ಇತ್ತು. ಐದನೆಯದಾಗಿ ಬರೆದುಕೊಳ್ಳೋಣವೆಂದು ಕಾರ್ಡು ನೋಡಿದೆ. ಗುಡೇಕೋಟೆಯವರು ಆಗಲೇ ಕೆಳಗಿನ ಅಂಚಿನ ಬಂಗಾರದ ಗೆರೆ ದಾಟಿದ್ದರು, ಐದನೆಯವನಿಗೆ ಜಾಗವೇ ಇರಲಿಲ್ಲ.

ಮದುವೆ ಚೆನ್ನಾಗಿಯೇ ಆಯಿತು. ಸೋದರಮಾವ ಎದೆ ಸೆಟೆಸಿ ನಿಂತರು, ಅಕ್ಕಿಕಾಳು ಬಿದ್ದವು, ಶಿವರಾಜ ಅಕ್ಕನ ಕಾಲಿಗೆ ಬಿದ್ದ. ಗಿರಿಜಾ ಆಗ ಅತ್ತಳು, ನನ್ನ ಕಡೆ ನೋಡಿ ನಕ್ಕಳು ಕೂಡ. ಊಟದ ಪಂಕ್ತಿಯಲ್ಲಿ ಹೆಣ್ಣಿನ ಕಡೆಯ ಹಿರಿಯರೊಬ್ಬರು ಕಾರ್ಡು ಹಿಡಿದು, "ಕೈಲೆ ಬರದಿದ್ದು ನಾಕು ಕೊಟ್ರೇಶಪ್ಪ ತಿಳೀತು. ಈ ಅಚ್ಚಿನಾವ ಯಾರ್ರಿ?" ಎಂದು ಕೇಳಿದರು.

"ನಾವಲ್ಲ!" ಅಂದರು ನಾಲ್ವರೂ ಒಂದೇ ಸಲ, ನಾಲ್ಕು ಎಲೆಯ ಮುಂದೆ ಕೂತು.

ಹಿರಿಯರು ಪಲ್ಯದ ಬಕೀಟು ಹಿಡಿದು ನಿಂತಿದ್ದ ನನ್ನ ಅಂಗಿಯ ಜೇಬಿನಲ್ಲಿ ಪೆನ್ನು ಕಂಡರು. "ನಿಮಗ ಗೊತ್ತೇನ್ರಿ? ನೀವು ಯಾರ ಕಡಿಯೋರು?"

ನಾನು ಬಾಯಿ ತೆರೆದೆ. ಆ ಕಡೆಯಿಂದ ಮಾವನವರು ನೋಡುತ್ತಿದ್ದರು, ಈ ಕಡೆಯಿಂದ ಗಿರಿಜಾ.

"ಗೊತ್ತಿಲ್ರಿ" ಅಂದೆ. "ನಾನು ಪ್ರೆಸ್ಸಿನ ಕಡಿಯಾವ."